ಎರಿ ಹೊಲದಿಂದ ಪರದೇಶಕ್ಕೆ: ಪ್ರವಾಸ ಸಾರ್ಥಕವಾಗಲು ಬೇಕಾದ ತಯಾರಿ

ಶಿವರಾತ್ರಿಗೆ ಸಿದ್ಧಾರೂಢರ ತೇರು ಎಳೆದಾದ ಮೇಲೆ, ಯುಗಾದಿಗೆ ಮೊದಲು, ಹುಬ್ಬಳ್ಳಿಯ ಮೂಡಣ ಸೀಮೆಯ ಹಳ್ಳಿಗಳಲ್ಲಿ ಕೈಗೆ ಒಂದಿಷ್ಟು ಬಿಡುವು ಸಿಗುತ್ತದೆ. ಸುಳ್ಳ, ಬ್ಯಾಹಟ್ಟಿ, ಕುಸುಗಲ್, ಹೆಬಸೂರಿನ ಎರಿ ಹೊಲಗಳಲ್ಲಿ ಕಡಲೆ ಕಿತ್ತು ಒಕ್ಕಿ ಆಗಿರುತ್ತದೆ. ಮೆಣಸಿನಕಾಯಿ ಬಹುಪಾಲು ಪೇಟೆ ಸೇರಿರುತ್ತದೆ. ಮುಂಗಾರಿನ ಹರಗಾಟಕ್ಕೆ ಇನ್ನೂ ಹೊತ್ತಿರುತ್ತದೆ. ಮೊದಲೆಲ್ಲ ಈ ಬಿಡುವಿನಲ್ಲಿ ಶ್ರೀಶೈಲಕ್ಕೆ ಪಾದಯಾತ್ರೆ, ಇಲ್ಲವೆ ಕಾಶಿಗೆ ರೈಲು. ಈಗ "ಒಮ್ಮೆ ಫಾರಿನ್ನಿಗೆ ಹೋಗಿ ಬರೂಣೇನು?" ಎಂಬ ಮಾತು ಹಳ್ಳಿಯ ಕಟ್ಟೆಯ ಮೇಲೂ ಕೇಳುತ್ತದೆ. ಕೇಳಬೇಕಾದ ಮಾತೇ ಅದು. ನೌಕರದಾರರಿಗೆ, ವ್ಯಾಪಾರಸ್ಥರಿಗೆ ಇರುವ ಆಸೆ ಒಕ್ಕಲುತನದವರಿಗೂ ಇದೆ. ಆದರೆ ಪ್ರವಾಸದ ಬಗ್ಗೆ ಸಿಗುವ ಮಾಹಿತಿಯೆಲ್ಲ ತಿಂಗಳ ಸಂಬಳದವರನ್ನು ಕಣ್ಣ ಮುಂದಿಟ್ಟುಕೊಂಡು ಬರೆದದ್ದು. ಉತಾರ, ಅಡತಿಯ ಪಟ್ಟಿ, ಬೆಳೆಸಾಲದ ಪಾಸ್‌ಬುಕ್ಕು ಇಟ್ಟುಕೊಂಡವರು ಹೇಗೆ ಹೊರಡಬೇಕು ಎಂಬುದನ್ನು ಹೇಳುವವರು ಕಡಿಮೆ. ಈ ಲೇಖನ ಅವರಿಗಾಗಿ.

ಪ್ಯಾಕೇಜಿನ ಕರಪತ್ರದಿಂದ ಯೋಚನೆ ಶುರು ಮಾಡಬೇಡಿ. ಎಂಟು ದಿನಕ್ಕೆ ನಾಲ್ಕು ದೇಶ ತೋರಿಸುವ ಪ್ರವಾಸದಲ್ಲಿ ನೆನಪಿಗೆ ಉಳಿಯುವುದು ಬಸ್ಸಿನ ಕಿಟಕಿ ಮತ್ತು ಹೋಟೆಲಿನ ಲಾಬಿ. ನಿಮಗೆ ಇಲ್ಲಿ ಚೆನ್ನಾಗಿ ಗೊತ್ತಿರುವ ಸಂಗತಿ ಯಾವುದು, ಅದು ಬೇರೆ ಕಡೆ ಹೇಗಿದೆ ಎಂದು ನೋಡುವ ಆಸೆ ಇದೆಯೇ ಎಂದು ಮೊದಲು ಕೇಳಿಕೊಳ್ಳಿ. ನೀರು, ಹತ್ತಿ, ದನ, ನೇಯ್ಗೆ, ಗುಡಿಯ ಕೆತ್ತನೆ, ಶರಣರ ವಿಚಾರ, ಯಾವುದಾದರೂ ಆಗಲಿ. ಬಲ್ಲ ವಿಷಯದ ಬೆನ್ನು ಹತ್ತಿ ಹೋದವರು ಭಾಷೆ ಬಾರದಿದ್ದರೂ ಬಹಳ ನೋಡಿ ಬರುತ್ತಾರೆ. ದೇಶ ಒಂದೇ ಇರಲಿ, ಊರು ಎರಡೋ ಮೂರೋ ಸಾಕು.

ಕೆರೆಯ ಬೆನ್ನು ಹತ್ತಿ ಶ್ರೀಲಂಕಾಕ್ಕೆ

ಸುಳ್ಳದಿಂದ ನವಲಗುಂದದವರೆಗಿನ ಎರಿ ಸೀಮೆ ಕುಡಿಯುವ ನೀರಿಗೆ ಕೆರೆಯನ್ನೇ ನಂಬಿ ಬಂದ ನಾಡು. ಬೋರು ಕೊರೆದರೆ ಸವಳು ನೀರು. ಬೆಣ್ಣಿಹಳ್ಳ ಒಂದು ವರ್ಷ ಹೊಲ ಕೊಚ್ಚಿಕೊಂಡು ಹೋದರೆ ಇನ್ನೊಂದು ವರ್ಷ ಒಣಗಿ ನಿಲ್ಲುತ್ತದೆ. ಮಲಪ್ರಭೆಯ ಕಾಲುವೆಯ ನೀರಿನ ವಿಷಯವಾಗಿ 1980ರಲ್ಲಿ ನವಲಗುಂದದ ರೈತರು ಬಂಡೆದ್ದದ್ದು, ಮಹದಾಯಿಗಾಗಿ ವರ್ಷಗಟ್ಟಲೆ ಧರಣಿ ಕುಳಿತದ್ದು ಇಲ್ಲಿ ಯಾರಿಗೂ ಹೊಸದಲ್ಲ. ಇಂಥ ನೆಲದವರಿಗೆ ಮೊದಲ ಪರದೇಶ ಪ್ರವಾಸಕ್ಕೆ ಶ್ರೀಲಂಕಾದ ಒಣ ಸೀಮೆ ಹೇಳಿ ಮಾಡಿಸಿದ ಜಾಗ. ಬೆಂಗಳೂರಿನಿಂದ ವಿಮಾನದಲ್ಲಿ ಒಂದೂವರೆ ತಾಸಿನ ದಾರಿ. ಗಡಿಯಾರವನ್ನೂ ತಿರುವಬೇಕಿಲ್ಲ, ಅಲ್ಲಿಯ ವೇಳೆಯೂ ನಮ್ಮದೇ.

ಕಟುನಾಯಕೆಯ ವಿಮಾನ ನಿಲ್ದಾಣದಲ್ಲಿ ಇಳಿದು ಕೊಲಂಬೊಕ್ಕೆ ಹೋಗದೆ ನೇರವಾಗಿ ಡಂಬುಲ್ಲಾಕ್ಕೆ ಕಾರು ಮಾಡಿಕೊಳ್ಳಿ. ಅಲ್ಲಿ ಎರಡು ಮೂರು ರಾತ್ರಿ ಇದ್ದರೆ ಪೊಲೊನ್ನರುವ, ಸಿಗಿರಿಯ, ಅನುರಾಧಪುರ ಎಲ್ಲವೂ ಬೆಳಗ್ಗೆ ಹೋಗಿ ಸಂಜೆಗೆ ಮರಳುವ ದೂರದಲ್ಲಿವೆ. ಪೊಲೊನ್ನರುವದಲ್ಲಿ 12ನೇ ಶತಮಾನದ ಅರಸ ಒಂದನೇ ಪರಾಕ್ರಮಬಾಹು ಕಟ್ಟಿಸಿದ ಪರಾಕ್ರಮ ಸಮುದ್ರವಿದೆ. ಹೆಸರಿಗೆ ಸಮುದ್ರ, ಇರುವುದು ಕೆರೆ. ಆದರೆ ಏರಿಯ ಮೇಲೆ ನಿಂತರೆ ಆಚೆ ದಡ ಮಸುಕಾಗಿ ಕಾಣುತ್ತದೆ. ಅದರ ಕೆಳಗೆ ಇಂದಿಗೂ ಸಾವಿರಾರು ಎಕರೆ ಭತ್ತ ಬೆಳೆಯುತ್ತಾರೆ. ಫೆಬ್ರುವರಿ, ಮಾರ್ಚಿನಲ್ಲಿ ಹೋದರೆ ಅವರ 'ಮಹ' ಹಂಗಾಮಿನ ಕೊಯ್ಲು ನಡೆದಿರುತ್ತದೆ. ಹಿಂಗಾರು ಮಾರುತದ ಮಳೆ ಮುಗಿದು ಸ್ವಲ್ಪವೇ ಕಾಲವಾಗಿರುವುದರಿಂದ ಕೆರೆಗಳಲ್ಲಿ ನೀರೂ ಇರುತ್ತದೆ. ನಮ್ಮ ಬಿಡುವು, ಅವರ ಸುಗ್ಗಿ ಎರಡೂ ಕೂಡಿ ಬರುವ ದಿನಗಳಿವು.

ಅಲ್ಲಿ ತಪ್ಪದೆ ನೋಡಬೇಕಾದದ್ದು 'ಬಿಸೋ ಕೊಟುವ' ಎಂಬ ತೂಬಿನ ರಚನೆ. ದೊಡ್ಡ ಕೆರೆಯ ತಳದಿಂದ ನೀರು ಬಿಟ್ಟರೆ ಅದರ ಒತ್ತಡಕ್ಕೆ ಏರಿಯೇ ಸೀಳಿಹೋಗುವ ಅಪಾಯವಿರುತ್ತದೆ. ಅದಕ್ಕಾಗಿ ಏರಿಯ ಒಳಮೈಗೆ ಕಲ್ಲಿನ ಚೌಕಾಕಾರದ ಬಾವಿಯೊಂದನ್ನು ಕಟ್ಟಿ, ನೀರು ಮೊದಲು ಅದರೊಳಗೆ ಇಳಿದು, ಸೊಕ್ಕು ಕಳೆದುಕೊಂಡು, ಆಮೇಲೆ ಕಾಲುವೆಗೆ ಹರಿಯುವಂತೆ ಮಾಡಿದ್ದಾರೆ. ಒಂದು ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಮತ್ತೊಂದಕ್ಕೆ ಹೋಗುವ ಕೆರೆಸಾಲುಗಳೂ ಆ ಸೀಮೆಯ ತುಂಬ ಇವೆ. ನಮ್ಮಲ್ಲೂ ಹಿರಿಯರು ಇದೇ ವಿದ್ಯೆ ಬಲ್ಲವರಾಗಿದ್ದರು. ಅಲ್ಲಿ ಅದು ಇನ್ನೂ ಬಳಕೆಯಲ್ಲಿದೆ, ಕೆರೆ ನೋಡಿಕೊಳ್ಳುವ ರೈತರ ಸಂಘಗಳು ಕೆಲಸ ಮಾಡುತ್ತಿವೆ. ಏರಿಯ ಮೇಲೆ ಯಾರಾದರೂ ರೈತರು ಸಿಕ್ಕರೆ ಮಾತಾಡಿಸಿ. ಡ್ರೈವರನೇ ದುಭಾಷಿ. ನೀರಿನ ಪಾಳಿ ಹೇಗೆ, ಹೂಳು ಯಾರು ತೆಗೆಯುತ್ತಾರೆ ಎಂದು ಕೇಳಿದರೆ ಉತ್ತರ ಬಂದೇ ಬರುತ್ತದೆ.

ಡಂಬುಲ್ಲಾದಲ್ಲಿ ಗುಹಾಲಯಗಳ ಜೊತೆಗೆ ದೇಶದ ದೊಡ್ಡ ತರಕಾರಿ ಸಗಟು ಮಾರುಕಟ್ಟೆಯಿದೆ. ಹೊತ್ತೇರುವ ಮೊದಲೇ ಹೋಗಿ. ಉಳ್ಳಾಗಡ್ಡಿಯ ಚೀಲ ಯಾವ ದೇಶದಿಂದ ಬಂದದ್ದು, ದರ ಹೇಗೆ ನಿಲ್ಲುತ್ತದೆ ಎಂದು ವಿಚಾರಿಸಿ. ಅಮರಗೋಳದ ಎಪಿಎಂಸಿ ಅಂಗಳ ಕಂಡವರಿಗೆ ಆ ಗದ್ದಲದಲ್ಲಿ ಏನೂ ಅಪರಿಚಿತ ಎನಿಸುವುದಿಲ್ಲ.

ಸಿಗಿರಿಯ ಬಂಡೆಗೆ ಸುಮಾರು 1200 ಮೆಟ್ಟಿಲು. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹತ್ತಬೇಕು, ಬಿಸಿಲೇರಿದ ಮೇಲೆ ಮೊಣಕಾಲು ನೋವಿನವರಿಗೆ ಆಗುವ ಕೆಲಸವಲ್ಲ. ಬಂಡೆಯಲ್ಲಿ ಕಣಜದ ಗೂಡುಗಳಿವೆ, ಸದ್ದು ಮಾಡಬೇಡಿ ಎಂಬ ಫಲಕವನ್ನು ಗಂಭೀರವಾಗಿ ತೆಗೆದುಕೊಳ್ಳಿ. ಇಂಥ ಸ್ಮಾರಕಗಳ ಟಿಕೆಟ್ಟಿನಲ್ಲಿ ಸಾರ್ಕ್ ದೇಶದವರಿಗೆ ರಿಯಾಯಿತಿ ಉಂಟು, ಪಾಸ್‌ಪೋರ್ಟ್ ತೋರಿಸಿ ಕೇಳಬೇಕು. ಬುದ್ಧನ ಮೂರ್ತಿಗೆ ಬೆನ್ನು ಮಾಡಿ ನಿಂತು ಫೋಟೊ ತೆಗೆಸಿಕೊಳ್ಳುವುದು ಅಲ್ಲಿ ದೊಡ್ಡ ಅಪಚಾರ. ಹುಣ್ಣಿಮೆಯ ದಿನ ಸರ್ಕಾರಿ ರಜೆ, ಏಪ್ರಿಲ್ 13-14ರ ಸುಮಾರಿಗೆ ಅವರ ಹೊಸ ವರ್ಷ. ಆ ದಿನಗಳಲ್ಲಿ ಬಹಳಷ್ಟು ಅಂಗಡಿ, ಹೋಟೆಲು ಮುಚ್ಚಿರುತ್ತವೆ.

ಹತ್ತಿ ಹೋದ ಹಾದಿಯಲ್ಲಿ

ಇನ್ನೂ ದೂರ ಹೋಗುವ ಶಕ್ತಿ ಇದ್ದವರಿಗೆ ಹುಬ್ಬಳ್ಳಿ-ಧಾರವಾಡದ ಹತ್ತಿಯೇ ದಾರಿ ತೋರಿಸುತ್ತದೆ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಅಮೆರಿಕದ ಹತ್ತಿ ಬೀಜವನ್ನೂ ಅದನ್ನು ಬೆಳೆಸಬಲ್ಲ ಅಮೆರಿಕದವರನ್ನೂ ತರಿಸಿ ನಮ್ಮ ಎರಿ ನೆಲದಲ್ಲಿ ಪ್ರಯೋಗ ಮಾಡಿದರು. ಅದು ಇಲ್ಲಿ ನೆಲೆಯೂರಿ 'ಧಾರವಾಡ ಅಮೆರಿಕನ್' ಎಂಬ ಹೆಸರಿನಲ್ಲಿ ಜಗತ್ತಿನ ಪೇಟೆಗೆ ಹೋಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತುಹೋದಾಗ ಮ್ಯಾಂಚೆಸ್ಟರಿನ ಗಿರಣಿಗಳ ಕಣ್ಣು ನಮ್ಮ ಸೀಮೆಯ ಮೇಲೆ ಬಿತ್ತು. ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತಿದ ಹತ್ತಿ ಲ್ಯಾಂಕಶೈರಿನ ಮಗ್ಗಗಳಿಗೆ ಹೋಯಿತು. ಹೈಬ್ರಿಡ್ ಹತ್ತಿಯ ಯುಗದಲ್ಲೂ ಧಾರವಾಡದ ಹೆಸರು ಉಳಿದಿದೆ: ವರಲಕ್ಷ್ಮಿ ತಳಿ 1972ರಲ್ಲಿ ಬಂದದ್ದು ಇಲ್ಲಿಂದಲೇ.

ಈ ಕಥೆಯ ಇನ್ನೊಂದು ತುದಿ ಇಂಗ್ಲೆಂಡಿನಲ್ಲಿದೆ. ಮ್ಯಾಂಚೆಸ್ಟರಿನ ವಿಜ್ಞಾನ ಮತ್ತು ಉದ್ಯಮ ವಸ್ತುಸಂಗ್ರಹಾಲಯ ಇರುವುದು 1830ರಲ್ಲಿ ತೆರೆದ ಲಿವರ್‌ಪೂಲ್ ರೋಡ್ ರೈಲು ನಿಲ್ದಾಣದ ಜಾಗದಲ್ಲಿ, ಅಲ್ಲಿ ಹತ್ತಿ ಗಿರಣಿಯ ಯಂತ್ರಗಳನ್ನು ಇಟ್ಟಿದ್ದಾರೆ. ಊರ ಹೊರಗೆ ಸ್ಟೈಯಲ್ ಎಂಬಲ್ಲಿ 1784ರಲ್ಲಿ ಕಟ್ಟಿದ ಕ್ವಾರಿ ಬ್ಯಾಂಕ್ ಗಿರಣಿ ಇದೆ. ಗಿರಣಿಯಲ್ಲಿ ದುಡಿಯುತ್ತಿದ್ದ ಅನಾಥ ಮಕ್ಕಳನ್ನು ಇರಿಸುತ್ತಿದ್ದ ಮನೆಯನ್ನೂ ಅಲ್ಲಿ ಹಾಗೆಯೇ ಕಾಪಾಡಿದ್ದಾರೆ. ನಮ್ಮ ಕಡೆ ಬೆಳೆದವನ ಬೆವರು, ಅಲ್ಲಿ ನೂತವನ ಬೆವರು ಎರಡೂ ಒಂದೇ ಅರಳೆಗೆ ಹತ್ತಿದವು ಎಂಬುದು ಅಲ್ಲಿ ನಿಂತಾಗ ಮನಸ್ಸಿಗೆ ನಾಟುತ್ತದೆ. ಲಂಡನ್ನಿನಲ್ಲಿ ಥೇಮ್ಸ್ ನದಿಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಮೇಲೆ ಬಸವಣ್ಣನವರ ಪ್ರತಿಮೆಯಿದೆ. ಕಲಬುರಗಿ ಮೂಲದ, ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ನಿಂತ ಅದು 2015ರ ನವೆಂಬರ್ 14ರಂದು ಅನಾವರಣಗೊಂಡಿತು. ನದಿಯ ಆಚೆಗೆ ಬ್ರಿಟಿಷ್ ಪಾರ್ಲಿಮೆಂಟು. ನೋಡಲು ಟಿಕೆಟ್ಟಿಲ್ಲ, ಸಾಲಿಲ್ಲ. ಇಂಗ್ಲೆಂಡಿಗೆ ಹೋದ ಉತ್ತರ ಕರ್ನಾಟಕದವರು ಆ ದಂಡೆಗೆ ಹೋಗದೆ ಬರಬಾರದು.

ಅಮೆರಿಕದಲ್ಲಿ ಮಕ್ಕಳಿದ್ದು ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಲೋ ಹೋಗುವ ತಂದೆ-ತಾಯಿಗಳಿಗೆ ಒಂದು ಮಾತು. ತಿಂಗಳುಗಟ್ಟಲೆ ಮನೆಯೊಳಗೇ ಕುಳಿತರೆ ಯಾವ ದೇಶವೂ ಜೈಲೇ. ಟೆಕ್ಸಸ್‌ನಲ್ಲಿ ಮಗನಿದ್ದರೆ ಲಬಕ್ ಸುತ್ತಿನ ಹತ್ತಿ ಹೊಲಗಳನ್ನು ತೋರಿಸಲು ಹೇಳಿ. ಮನೆಯ ಹತ್ತಿರದ ಗ್ರಂಥಾಲಯ, ಕನ್ನಡ ಸಂಘ, ವೀರಶೈವ ಸಮಾಜದ ಕಾರ್ಯಕ್ರಮಗಳ ವಿಳಾಸವನ್ನು ಹೊರಡುವ ಮೊದಲೇ ಮಕ್ಕಳಿಂದ ಕೇಳಿ ಬರೆದಿಟ್ಟುಕೊಳ್ಳಿ.

ಕಾಗದಪತ್ರ: ಒಕ್ಕಲಿಗರ ದಾರಿ ಬೇರೆ

ಪಾಸ್‌ಪೋರ್ಟ್‌ಗಾಗಿ ಬೆಂಗಳೂರಿಗೆ ಓಡಬೇಕಿಲ್ಲ, ಹುಬ್ಬಳ್ಳಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ಸರ್ಕಾರದ ಅಧಿಕೃತ ಜಾಲತಾಣದಲ್ಲೇ ಅರ್ಜಿ ತುಂಬಿ. ಅದೇ ಥರ ಕಾಣುವ ನಕಲಿ ತಾಣಗಳು ಬಹಳ ಇವೆ, ವಿದೇಶಾಂಗ ಸಚಿವಾಲಯವೇ ಎಚ್ಚರಿಸಿದೆ. ದೊಡ್ಡವರ 36 ಪುಟದ ಪಾಸ್‌ಪೋರ್ಟಿಗೆ ಸಾಮಾನ್ಯ ಶುಲ್ಕ 1500 ರೂಪಾಯಿ, ತತ್ಕಾಲ್ ಆದರೆ ಮೇಲೆ 2000. ಹತ್ತು ವರ್ಷ ನಡೆಯುತ್ತದೆ. ಅರ್ಜಿಯಲ್ಲಿ ಊರಿನ ಹೆಸರು ತುಂಬುವಾಗ ಎಚ್ಚರ: ಇಂಗ್ಲಿಷ್ ಕಾಗುಣಿತದಲ್ಲಿ ನಮ್ಮ ಸುಳ್ಳವನ್ನೂ ದಕ್ಷಿಣ ಕನ್ನಡದ ಸುಳ್ಯವನ್ನೂ ಅದಲುಬದಲು ಮಾಡುವುದು ಸುಲಭ. ಜಿಲ್ಲೆ, ತಾಲ್ಲೂಕು, ಪೊಲೀಸ್ ಠಾಣೆ ಮೂರನ್ನೂ ಸರಿಯಾಗಿ ಆರಿಸದಿದ್ದರೆ ಪೊಲೀಸ್ ಪರಿಶೀಲನೆಯ ಕಾಗದ ಬೇರೆ ಊರಿಗೆ ಅಲೆಯುತ್ತದೆ.

ಹೆಸರಿನ ವಿಷಯಕ್ಕೆ ಇನ್ನೂ ಹೆಚ್ಚು ಗಮನ ಬೇಕು. ನಮ್ಮ ಕಡೆ ಅಡ್ಡಹೆಸರು ಎಲ್ಲರಿಗೂ ಇದೆ. ಆದರೆ ಶಾಲೆಯ ದಾಖಲೆಯಲ್ಲಿ ಅದು ಮೊದಲು, ಆಧಾರ್‌ನಲ್ಲಿ ಕೊನೆಗೆ, ಪಾನ್ ಕಾರ್ಡಿನಲ್ಲಿ ಬರೀ ಇನಿಶಿಯಲ್. ಮೂರನ್ನೂ ಒಂದೇ ಅಕ್ಷರಕ್ಕೆ ತಂದ ಮೇಲೆ ಪಾಸ್‌ಪೋರ್ಟಿಗೆ ಹೋಗಿ, ಅಡ್ಡಹೆಸರಿನ ಜಾಗವನ್ನು ಖಾಲಿ ಬಿಡಬೇಡಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದ ಪ್ರವಾಸಿಗಳಿಗೆ ಸಂಯುಕ್ತ ಅರಬ್ ಸಂಸ್ಥಾನ 2022ರ ನವೆಂಬರಿನಲ್ಲಿ ಪ್ರವೇಶ ತಡೆದಿತ್ತು. ಹತ್ತನೇ ಇಯತ್ತೆ ಮುಗಿಸದವರ ಪಾಸ್‌ಪೋರ್ಟಿಗೆ ಇಸಿಆರ್ ಎಂಬ ಗುರುತು ಬೀಳಬಹುದು. ಹೆದರಬೇಡಿ, ಅದು ಕೆಲವು ದೇಶಗಳಿಗೆ ಕೂಲಿ-ಕೆಲಸಕ್ಕೆ ಹೋಗುವವರ ರಕ್ಷಣೆಗೆ ಇರುವ ನಿಯಮ, ಪ್ರವಾಸಕ್ಕೆ ಅಡ್ಡಿಯಿಲ್ಲ.

ನೇಪಾಳಕ್ಕೆ ಭಾರತೀಯರಿಗೆ ವೀಸಾ ಬೇಡ, ಮತದಾರರ ಗುರುತಿನ ಚೀಟಿ ಇದ್ದರೂ ಸಾಕು. ಆಗ್ನೇಯ ಏಷ್ಯಾದ ಕೆಲವು ದೇಶಗಳು ನಮಗೆ ವೀಸಾ ಸಡಿಲಿಸಿವೆ, ಶ್ರೀಲಂಕಾಕ್ಕೆ ಆನ್‌ಲೈನ್ ಅನುಮತಿ ಪಡೆಯುವ ವ್ಯವಸ್ಥೆಯಿದೆ. ಈ ನಿಯಮಗಳು ವರ್ಷ ವರ್ಷಕ್ಕೆ ಬದಲಾಗುತ್ತವೆ. ಟಿಕೆಟ್ ತೆಗೆಯುವ ದಿನ ಆಯಾ ದೇಶದ ಸರ್ಕಾರಿ ತಾಣದಲ್ಲೇ ನೋಡಿ, ಗೆಳೆಯ ಹೋದ ವರ್ಷ ಹೋಗಿ ಬಂದ ಎಂಬುದು ಆಧಾರವಲ್ಲ.

ಬ್ರಿಟನ್, ಯುರೋಪಿನ ವೀಸಾ ಕಠಿಣ, ಅದರಲ್ಲೂ ರೈತರಿಗೆ. ಅವರು ಕೇಳುವುದು ಸಂಬಳದ ಚೀಟಿ, ಆದಾಯ ತೆರಿಗೆ ವಿವರ, ಆರು ತಿಂಗಳ ಬ್ಯಾಂಕ್ ಲೆಕ್ಕ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ಎಷ್ಟೋ ಜನ ವಿವರವನ್ನೇ ಸಲ್ಲಿಸಿರುವುದಿಲ್ಲ. ತೆರಿಗೆ ಶೂನ್ಯವಿದ್ದರೂ ಸ್ವಂತ ಇಚ್ಛೆಯಿಂದ ಸಲ್ಲಿಸಬಹುದು. ಕೃಷಿ ಆದಾಯ 5000 ರೂಪಾಯಿ ಮೀರಿದ್ದರೆ ಐಟಿಆರ್-1 ನಡೆಯುವುದಿಲ್ಲ, ಬೇರೆ ಆದಾಯವಿಲ್ಲದ ರೈತರು ಐಟಿಆರ್-2 ತುಂಬಬೇಕು. ಎರಡು ಮೂರು ವರ್ಷದ ವಿವರ ಕೈಯಲ್ಲಿದ್ದರೆ ಅರ್ಜಿಗೆ ಬಲ ಬರುತ್ತದೆ. ಆದ್ದರಿಂದ ಯುರೋಪಿನ ಆಸೆ ಇದ್ದವರು ಈ ಕೆಲಸ ಇವತ್ತೇ ಶುರು ಮಾಡಬೇಕು.

ಇನ್ನೊಂದು ತೊಡಕು ಖಾತೆಯ ಜಮೆಯದು. ಸಂಬಳದವರ ಖಾತೆಗೆ ತಿಂಗಳಿಗೊಮ್ಮೆ ಹಣ ಬರುತ್ತದೆ. ನಮ್ಮದಕ್ಕೆ ಹತ್ತಿ ಮಾರಿದಾಗ ಒಮ್ಮೆ, ಕಡಲೆ ಮಾರಿದಾಗ ಒಮ್ಮೆ, ಒಟ್ಟಿಗೆ ಲಕ್ಷಗಟ್ಟಲೆ. ವೀಸಾ ಅಧಿಕಾರಿಯ ಕಣ್ಣಿಗೆ ಅದು ಪ್ರವಾಸಕ್ಕಾಗಿ ಯಾರೋ ತಂದು ಹಾಕಿದ ಸಾಲದ ಹಣದಂತೆ ಕಾಣುತ್ತದೆ. ಅದಕ್ಕೇ ಎಪಿಎಂಸಿಯ ಪಟ್ಟಿಗಳನ್ನು ಜೋಪಾನ ಮಾಡಿ. ಯಾವ ತಾರೀಖಿನ ಜಮೆ ಯಾವ ಮಾಲಿನದು ಎಂದು ಒಂದು ಹಾಳೆಯಲ್ಲಿ ಬರೆದು ಪಟ್ಟಿಯ ಪ್ರತಿ ಲಗತ್ತಿಸಿ. ಉತಾರ ಕನ್ನಡದಲ್ಲಿರುವುದರಿಂದ ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿಯ ಸಹಿ ಹಾಕಿಸಬೇಕು. ಹೊಲ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ ವಾರಸಾ ಮಾಡಿಸಿಕೊಳ್ಳಿ, ಇಲ್ಲವಾದರೆ ವಂಶವೃಕ್ಷದ ಅನುವಾದವನ್ನಾದರೂ ಜೊತೆಗಿಡಿ. ಊರಿನಲ್ಲಿ ಹೊಲ-ಮನೆ ಇದೆ, ಬಿತ್ತಿಗೆಯ ಹೊತ್ತಿಗೆ ಮರಳಿ ಬರಲೇಬೇಕು ಎಂಬುದೇ ರೈತನ ಪರವಾದ ದೊಡ್ಡ ಸಾಕ್ಷಿ. ಅದನ್ನು ವಿನಂತಿ ಪತ್ರದಲ್ಲಿ ನೇರವಾಗಿ ಬರೆಯಿರಿ. ಯುರೋಪಿನ ಷೆಂಗೆನ್ ವೀಸಾಕ್ಕೆ ಹೊರಡುವ ದಿನಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ 30 ಸಾವಿರ ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ.

ಪ್ರವಾಸಿ ವೀಸಾದಲ್ಲಿ ಕಳಿಸಿ ಅಲ್ಲಿ ಕೆಲಸ ಕೊಡಿಸುತ್ತೇವೆ ಎನ್ನುವ ದಲಾಲರು ಹಳ್ಳಿಯ ಹುಡುಗರ ಫೋನಿಗೂ ಬರುತ್ತಾರೆ. ಹೀಗೆ ಥಾಯ್ಲೆಂಡಿಗೆಂದು ಹೋದವರನ್ನು ಮ್ಯಾನ್ಮಾರಿನ ಸೈಬರ್ ವಂಚಕರ ಅಡ್ಡೆಗಳಿಗೆ ಸಾಗಿಸಿದ ಪ್ರಕರಣಗಳ ಬಗ್ಗೆ ಕೇಂದ್ರ ಸರ್ಕಾರ 2022ರಿಂದಲೂ ಎಚ್ಚರಿಸುತ್ತ ಬಂದಿದೆ. ಅಂಥ ಮಾತಿಗೆ ಕಿವಿಗೊಡಬೇಡಿ.

ರೊಟ್ಟಿ ಗಂಟು, ಬಂಗಾರ, ರೊಕ್ಕ

ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಪ್ರವಾಸಕ್ಕೆ ಹೇಳಿ ಮಾಡಿಸಿದ ಬುತ್ತಿ. ಹೆಚ್ಚಿನ ದೇಶಗಳಿಗೆ ಒಯ್ಯಬಹುದು, ಆಸ್ಟ್ರೇಲಿಯಾ, ಅಮೆರಿಕದಂಥ ಕಡೆ ಇಳಿದಾಗ ಕಸ್ಟಮ್ಸ್‌ನವರಿಗೆ ತಪ್ಪದೆ ಘೋಷಿಸಬೇಕು. ಆದರೆ ಧಾರವಾಡ ಪೇಡೆಯನ್ನು ಯುರೋಪಿನ ಒಕ್ಕೂಟದ ದೇಶಗಳಿಗೆ ಒಯ್ಯುವಂತಿಲ್ಲ, ಹೊರಗಿನಿಂದ ಬರುವವರು ಹಾಲಿನ ಪದಾರ್ಥ ತರುವುದನ್ನು ಅಲ್ಲಿ ನಿಷೇಧಿಸಿದ್ದಾರೆ. ತುಪ್ಪಕ್ಕೂ ಅದೇ ಮಾತು. ಗಸಗಸೆಯನ್ನು ದುಬೈಗಾಗಲಿ ಸಿಂಗಾಪುರಕ್ಕಾಗಲಿ ಒಂದು ಚಮಚವೂ ಒಯ್ಯಬೇಡಿ, ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ಜೈಲೂ ಆಗಬಹುದು. ಒಣಕೊಬ್ಬರಿಯನ್ನು ಬೆಂಕಿ ಹೊತ್ತುವ ವಸ್ತುವೆಂದು ವಿಮಾನದವರು ತಡೆಯುತ್ತಾರೆ. ತಂಬಾಕು, ಗುಟಕಾ ಅಗಿಯುವ ಚಟ ಇದ್ದವರು ಸಿಂಗಾಪುರಕ್ಕೆ ಅದನ್ನು ತೆಗೆದುಕೊಂಡು ಹೋಗುವಂತಿಲ್ಲ. ನಿತ್ಯದ ಗುಳಿಗೆಗಳನ್ನು ಡಬ್ಬಿಗೆ ಸುರಿಯದೆ ಮೂಲ ಪೊಟ್ಟಣದಲ್ಲೇ ಇಟ್ಟು, ವೈದ್ಯರ ಚೀಟಿ ಇಂಗ್ಲಿಷಿನಲ್ಲಿ ಬರೆಸಿಕೊಂಡು ಕೈಚೀಲದಲ್ಲಿ ಇಟ್ಟುಕೊಳ್ಳಿ.

ಶುದ್ಧ ಸಸ್ಯಾಹಾರಿಗಳಿಗೆ: ಶ್ರೀಲಂಕಾದ ಹೋಟೆಲುಗಳಲ್ಲಿ ಕಾಯಿಪಲ್ಯೆಗೂ ಸಾಂಬೋಲ ಎಂಬ ತೆಂಗಿನ ಚಟ್ನಿಗೂ ಒಣಮೀನಿನ ಪುಡಿ ಹಾಕುವುದುಂಟು, ಅದಕ್ಕೆ 'ಉಂಬಲಕಡ' ಎನ್ನುತ್ತಾರೆ. "ಉಂಬಲಕಡ ಬೇಡ" ಎಂದು ಹೆಸರು ಹಿಡಿದೇ ಹೇಳಿ, ಇಲ್ಲವೆ ತಮಿಳರ ಶೈವ ಭೋಜನಾಲಯ ಹುಡುಕಿ. ಥಾಯ್ಲೆಂಡಿನಲ್ಲಿ ಹಳದಿ ಬಾವುಟದ ಮೇಲೆ ಕೆಂಪಕ್ಷರವಿರುವ 'ಜೇ' ಅಂಗಡಿಗಳು, ವಿಯೆಟ್ನಾಮಿನಲ್ಲಿ 'ಚಾಯ್' ಎಂದು ಬರೆದವು ನಮಗೆ ಒಗ್ಗುತ್ತವೆ.

ಹೆಣ್ಣುಮಕ್ಕಳು ಬಂಗಾರ ಕಡಿಮೆ ಹಾಕಿಕೊಂಡು ಹೋಗುವುದೇ ಚಲೋ. ಹೆಚ್ಚಿನದು ಇದ್ದರೆ ಹೊರಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್ ಕಚೇರಿಯಲ್ಲಿ ತೋರಿಸಿ ಪ್ರಮಾಣಪತ್ರ ಪಡೆಯಿರಿ, ಮರಳುವಾಗ ಅದು ನಿಮ್ಮದೇ ಎಂದು ತೋರಿಸಲು ಬೇಕಾಗುತ್ತದೆ.

ಟೂರ್ ಪ್ಯಾಕೇಜಿನ ಮೇಲೆ ಕಂಪನಿಯವರು ಟಿಸಿಎಸ್ ಎಂದು ತೆರಿಗೆ ಹಿಡಿಯುತ್ತಾರೆ. ಅದು ಹೋದ ಹಣವಲ್ಲ. ತೆರಿಗೆ ಕಟ್ಟಬೇಕಾದ ಆದಾಯವಿಲ್ಲದ ರೈತರು ವಿವರ ಸಲ್ಲಿಸಿದರೆ ಪೂರ್ತಿ ಮರಳಿ ಬರುತ್ತದೆ. ಪಾನ್ ಸಂಖ್ಯೆ ಕೊಟ್ಟು ರಸೀದಿ ಪಡೆಯುವುದನ್ನು ಮರೆಯಬೇಡಿ. ಶ್ರೀಲಂಕಾ, ನೇಪಾಳ, ಸಿಂಗಾಪುರ, ದುಬೈಗಳ ಕೆಲವು ಅಂಗಡಿಗಳಲ್ಲಿ ಯುಪಿಐ ನಡೆಯುತ್ತದೆ, ಆದರೆ ಅದೊಂದನ್ನೇ ನೆಚ್ಚಬೇಡಿ. ಬ್ಯಾಂಕಿನ ಒಟಿಪಿ ಬರುವುದು ಊರಿನ ಸಿಮ್ಮಿಗೆ, ಆದ್ದರಿಂದ ರೋಮಿಂಗ್ ಹಾಕಿಸಿಯೇ ಹೊರಡಿ. ಕಾರ್ಡು ಉಜ್ಜುವಾಗ ರೂಪಾಯಿಯೋ ಅಲ್ಲಿಯ ನಾಣ್ಯವೋ ಎಂದು ಕೇಳಿದರೆ ಅಲ್ಲಿಯ ನಾಣ್ಯವೆಂದೇ ಹೇಳಿ. ರೂಪಾಯಿ ಎಂದರೆ ಅವರು ಹಾಕುವ ದರ ಸಾಮಾನ್ಯವಾಗಿ ದುಬಾರಿ.

ಹುಬ್ಬಳ್ಳಿಯಿಂದ ನೇರ ವಿದೇಶ ವಿಮಾನವಿಲ್ಲ. ಬೆಂಗಳೂರು, ಗೋವಾ, ಮುಂಬಯಿಯೇ ಬಾಗಿಲು. ಹುಬ್ಬಳ್ಳಿಯಿಂದಲೇ ಹಾರುವುದಾದರೆ ಎರಡೂ ವಿಮಾನಗಳು ಒಂದೇ ಟಿಕೆಟ್ಟಿನಲ್ಲಿರಲಿ, ಮೊದಲನೆಯದು ತಡವಾದರೆ ಮುಂದಿನ ಹೊಣೆ ಕಂಪನಿಯದೇ ಆಗುತ್ತದೆ. ರೈಲಿನಲ್ಲಿ ಹೋಗುವವರು ರಾತ್ರಿಯ ರಾಣಿ ಚೆನ್ನಮ್ಮ ಹಿಡಿದು ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು ವಾಯುವಜ್ರ ಬಸ್ಸು ಹತ್ತಿ, ಸಂಜೆಯ ವಿಮಾನಕ್ಕೆ ಸಾಕಷ್ಟು ಹೊತ್ತು ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಗೋವಾದ ಘಟ್ಟದ ರಸ್ತೆಯನ್ನು ನಂಬಿ ವಿಮಾನ ಹಿಡಿಯಲು ಹೊರಡಬೇಡಿ.

ಬಂದ ಮೇಲೆ ನೋಡಿದ್ದನ್ನು ಊರಿನ ಶಾಲೆಯ ಮಕ್ಕಳ ಮುಂದೆ, ಪಂಚಾಯ್ತಿಯ ಸಭೆಯಲ್ಲಿ ಹೇಳಿ. ಅಲ್ಲಿಯ ಕೆರೆಯ ಫೋಟೊ ಇಲ್ಲಿಯ ಕೆರೆಯ ಹೂಳಿನ ಮಾತಿಗೆ ದಾರಿ ಮಾಡೀತು. ಪಾಸ್‌ಪೋರ್ಟ್ ಕೈಗೆ ಬರಲು, ಹೆಸರು ತಿದ್ದಿಸಲು, ವಾರಸಾ ಮಾಡಿಸಲು ತಿಂಗಳುಗಳೇ ಹಿಡಿಯುತ್ತವೆ. ಬರುವ ಶಿವರಾತ್ರಿಯ ನಂತರ ಹೊರಡುವ ಮನಸ್ಸಿದ್ದರೆ ಈ ಮುಂಗಾರಿನ ಹೆಸರುಕಾಳು ಒಕ್ಕಿ ಮುಗಿಯುವುದರೊಳಗೆ ಮನೆಯವರೆಲ್ಲರ ಪಾಸ್‌ಪೋರ್ಟ್ ಅರ್ಜಿ ಹಾಕಿಬಿಡಿ.